ತುಂಗಭದ್ರಾ ಅಚ್ಚುಕಟ್ಟಿನ ಭತ್ತ: ಮೀಥೇನ್ ತಗ್ಗಿಸಿ, ನೆಲ ಮತ್ತು ಜೀವಜಾಲ ಉಳಿಸಿಕೊಳ್ಳುವ ಸಮಗ್ರ ಮಾರ್ಗದರ್ಶಿ

ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ, ಸಿರುಗುಪ್ಪ. ಈ ಕಾಲುವೆ ಪಟ್ಟಿಯಲ್ಲಿ ಬೇಸಾಯದಿಂದ ಹವಾಮಾನದ ಮೇಲೆ ಬೀಳುವ ಹೊರೆ ಎಲ್ಲಿಂದ ಬರುತ್ತದೆ ಎಂದು ಕೇಳಿದರೆ ಹೆಚ್ಚಿನವರು ಟ್ರ್ಯಾಕ್ಟರ್ ಹೊಗೆಯತ್ತ ಬೊಟ್ಟು ಮಾಡುತ್ತಾರೆ. ಎಕರೆಗೆ 30 ಲೀಟರ್ ಡೀಸೆಲ್ ಸುಟ್ಟರೂ ಹೊರಬೀಳುವುದು ಸುಮಾರು 80 ಕೆ.ಜಿ. ಇಂಗಾಲದ ಡೈಆಕ್ಸೈಡ್. ಅದೇ ಎಕರೆಯಲ್ಲಿ ನಾಲ್ಕು ತಿಂಗಳು ನಿಂತ ನೀರಿನ ಕೆಳಗಿಂದ ಏಳುವ ಮೀಥೇನ್ ಅದರ ಹತ್ತಾರು ಪಟ್ಟು ಹೊರೆ. ಹಾಗಾಗಿ ಈ ಮಾರ್ಗದರ್ಶಿ ಮೊದಲು ನೀರನ್ನು, ಆಮೇಲೆ ಹುಲ್ಲನ್ನು, ಅದಾದ ಮೇಲೆ ಯೂರಿಯಾವನ್ನು ಹಿಡಿಯುತ್ತದೆ.

ಮೊದಲು ಲೆಕ್ಕ

ಗದ್ದೆಯಲ್ಲಿ ನೀರು ನಿಂತ ಕೆಲವೇ ದಿನಗಳಲ್ಲಿ ಕೆಸರಿನೊಳಗಿನ ಆಮ್ಲಜನಕ ಮುಗಿಯುತ್ತದೆ. ಆಗ ಗಾಳಿ ಬೇಡದ ಸೂಕ್ಷ್ಮಜೀವಿಗಳು ಬೇರಿನ ಸ್ರಾವ, ಕೂಳೆ, ಹಸಿ ಹುಲ್ಲು ಇವನ್ನೆಲ್ಲ ಕೊಳೆಸಿ ಮೀಥೇನ್ ಮಾಡುತ್ತವೆ. ಭತ್ತದ ಕಾಂಡದೊಳಗೆ ಬೇರಿಗೆ ಗಾಳಿ ಇಳಿಸುವ ಕೊಳವೆಗಳಿವೆಯಲ್ಲ, ಬಹುಪಾಲು ಮೀಥೇನ್ ಅವುಗಳ ಮೂಲಕವೇ ಮೇಲೇರಿ ಹೊರಹೋಗುತ್ತದೆ. ನೂರು ವರ್ಷದ ಅಳತೆಯಲ್ಲಿ 1 ಕೆ.ಜಿ. ಮೀಥೇನ್ 27 ಕೆ.ಜಿ. ಇಂಗಾಲದ ಡೈಆಕ್ಸೈಡ್‌ಗೆ ಸಮ. ಯೂರಿಯಾದಿಂದ ಹುಟ್ಟುವ ನೈಟ್ರಸ್ ಆಕ್ಸೈಡ್ 273 ಪಟ್ಟು.

ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ, ಅಂದರೆ ಐಪಿಸಿಸಿ, 2019ರಲ್ಲಿ ಪರಿಷ್ಕರಿಸಿದ ಲೆಕ್ಕದ ಕ್ರಮದಲ್ಲಿ ದಕ್ಷಿಣ ಏಷ್ಯಾದ ಸದಾ ನೀರು ನಿಂತ ಗದ್ದೆಗೆ ಹೆಕ್ಟೇರಿಗೆ ದಿನಕ್ಕೆ 0.85 ಕೆ.ಜಿ. ಮೀಥೇನ್ ಎಂದು ಹಿಡಿಯುತ್ತಾರೆ. ನಾಟಿಯಿಂದ ಕಟಾವಿಗೆ 120 ದಿನ ಎಂದುಕೊಂಡರೆ ಎಕರೆಗೆ 41 ಕೆ.ಜಿ. ಆಯಿತು, ಅಂದರೆ 1.1 ಟನ್ ಇಂಗಾಲದ ಡೈಆಕ್ಸೈಡ್ ಸಮಾನ. ಇದು ಹುಲ್ಲು, ಗೊಬ್ಬರ ಏನನ್ನೂ ಹಾಕದ ಗದ್ದೆಯದು. ನಾಟಿಗೆ ತಿಂಗಳೊಳಗೆ ಎಕರೆಗೆ 2 ಟನ್ ಹಸಿ ಹುಲ್ಲನ್ನು ರೋಟಾವೇಟರ್ ಹೊಡೆದು ಕೆಸರಿಗೆ ಸೇರಿಸಿದರೆ ಅದೇ ಗದ್ದೆ ಹೆಚ್ಚುಕಡಿಮೆ 2.9 ಪಟ್ಟು, ಅಂದರೆ 3.2 ಟನ್ನಿಗೆ ಏರುತ್ತದೆ. ಹುಲ್ಲು ಹೊರಗೆ ಹೋಗಿ, ನಡುನಡುವೆ ಹಲವು ಸಲ ನೀರು ಆರಿದರೆ ಗುಣಕ 0.55, ಆಗ ಎಕರೆಗೆ 0.6 ಟನ್. ನಿಮ್ಮ ಗದ್ದೆಯ ನಿಜ ಅಳತೆ ಇದಕ್ಕಿಂತ ಆಚೀಚೆ ಇದ್ದೀತು. ಆದರೆ 3.2ಕ್ಕೂ 0.6ಕ್ಕೂ ಇರುವ ಅಂತರ ಮಣ್ಣಿನ ಗುಣದಿಂದ ಬಂದದ್ದಲ್ಲ, ನಾವು ಮಾಡುವ ಕೆಲಸದ ರೀತಿಯಿಂದ ಬಂದದ್ದು.

ನಿಮ್ಮ ನೆಲ ಯಾವ ಬಗೆಯದು?

ಇಲ್ಲಿ ಎಲ್ಲರಿಗೂ ಒಂದೇ ಸಲಹೆ ಕೊಟ್ಟರೆ ಬೆಳೆ ಕೆಡುತ್ತದೆ. ಮಸಾರಿ (ಕೆಂಪು ಮಣ್ಣು), ಎರೆ (ಕಪ್ಪು ಮಣ್ಣು), ಸವಳು (ಉಪ್ಪೇರಿದ ನೆಲ) ಈ ಮೂರಕ್ಕೂ ನೀರಿನ ಕಟ್ಟಳೆ ಬೇರೆ ಬೇರೆ.

ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸುಮಾರು 96 ಸಾವಿರ ಹೆಕ್ಟೇರ್ ಸವಳು-ಜವಳಾಗಿದೆ (ಜವಳು ಅಂದರೆ ನೀರು ಬಸಿಯದೆ ತೊಯ್ದು ಕೆಟ್ಟ ನೆಲ). ಹತ್ತಿ, ಜೋಳದಂಥ ಕಡಿಮೆ ನೀರಿನ ಬೆಳೆಗೆಂದು ಯೋಜಿಸಿದ್ದ ನೆಲದ ಬಹುಭಾಗದಲ್ಲಿ ವರ್ಷಕ್ಕೆ ಎರಡು ಭತ್ತ ಬೆಳೆದದ್ದು, ಬಸಿಗಾಲುವೆಗಳನ್ನು ಹೂಳು ತುಂಬಲು ಬಿಟ್ಟದ್ದು ಇದರ ಮುಖ್ಯ ಕಾರಣ. ಏಪ್ರಿಲ್‌ನಲ್ಲಿ ನೆಲ ಒಣಗಿದ್ದಾಗ ಗದ್ದೆಯ ನಾಲ್ಕೈದು ಕಡೆ 15 ಸೆಂ.ಮೀ. ಆಳದ ಮಣ್ಣು ತೆಗೆದು, ಬೆರೆಸಿ, ಅರ್ಧ ಕೆ.ಜಿ. ಚೀಲಕ್ಕೆ ತುಂಬಿ ಗಂಗಾವತಿ, ರಾಯಚೂರು ಅಥವಾ ಹಗರಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಪರೀಕ್ಷೆಯ ಬಗ್ಗೆ ವಿಚಾರಿಸಿ. ಲವಣಾಂಶ ಮತ್ತು ರಸಸಾರ (ಪಿಎಚ್), ಈ ಎರಡು ಅಂಕಿ ಕೇಳಿ ಬರೆಸಿಕೊಳ್ಳಿ. ನೀರಿನಿಂದ ಪೂರ್ತಿ ತೊಯ್ದ (ಸಂತೃಪ್ತ) ಮಣ್ಣಿನ ರಸದ ಲವಣಾಂಶ ಮೀಟರಿಗೆ 3 ಡೆಸಿಸೀಮನ್ ದಾಟಿದ ಮೇಲೆ ಪ್ರತಿ ಒಂದು ಅಂಕಿಗೆ ಭತ್ತದ ಇಳುವರಿ ಸುಮಾರು ಶೇ 12ರಷ್ಟು ಇಳಿಯುತ್ತದೆ. ಬಿಳಿ ಪುಡಿ ಮೇಲೆದ್ದಿದ್ದರೆ ಅದು ಲವಣದ ಸವಳು. ಮೇಲ್ಮೈ ಕಪ್ಪಾಗಿ ಎಣ್ಣೆ ಸವರಿದಂತೆ ಕಂಡು, ರಸಸಾರ 8.5ಕ್ಕಿಂತ ಮೇಲಿದ್ದರೆ ಕ್ಷಾರ ಮಣ್ಣು. ಅದಕ್ಕೆ ಜಿಪ್ಸಂ ಬೇಕು, ಎಷ್ಟು ಎಂಬುದನ್ನು ಮಣ್ಣು ಪರೀಕ್ಷೆಯೇ ಹೇಳಬೇಕು.

ಲವಣಾಂಶ 4ಕ್ಕಿಂತ ಹೆಚ್ಚಿದ್ದರೆ ಮುಂದೆ ಹೇಳುವ ನೀರು ಆರಿಸುವ ಕ್ರಮವನ್ನು ಮಾಡಬೇಡಿ. ನೀರು ಇಳಿದಂತೆ ಕೆಳಗಿನ ಉಪ್ಪು ಮೇಲೇರಿ ಬೇರಿನ ಸುತ್ತ ಕೂಡುತ್ತದೆ, ಎಲೆಯ ತುದಿ ಸುಟ್ಟು ಸಸಿ ಕುಗ್ಗುತ್ತದೆ. ಅಂಥ ನೆಲದಲ್ಲಿ ತೆಳುವಾಗಿ ನೀರು ನಿಲ್ಲಿಸಿ, ಆಗಾಗ ಹಳೆ ನೀರನ್ನು ಬಸಿಗಾಲುವೆಗೆ ಬಿಟ್ಟು ಹೊಸದು ಹಾಯಿಸಬೇಕು. ಗಂಗಾವತಿ ಕೃಷಿ ಸಂಶೋಧನಾ ಕೇಂದ್ರದ ಗಂಗಾವತಿ ಸೋನಾ (ಜಿಜಿವಿ 05-01) ತಳಿ ಸವಳು ತಾಳುತ್ತದೆ. ಸವಳು ಗದ್ದೆಯವರು ಹುಲ್ಲು ಮತ್ತು ಯೂರಿಯಾದ ಭಾಗದಿಂದಲೇ ಹೊರೆ ತಗ್ಗಿಸಿಕೊಳ್ಳಬೇಕು, ನೀರಿನಿಂದಲ್ಲ.

ಮಟ್ಟ ಮತ್ತು ದಾರಿ: ಬೇಸಿಗೆಯಲ್ಲೇ ಮುಗಿಸುವ ಕೆಲಸ

ಗದ್ದೆಯೊಳಗೆ ಐದಾರು ಸೆಂ.ಮೀ. ಏರುಪೇರಿದ್ದರೆ ಎತ್ತರದ ಜಾಗ ಬಿರುಕು ಬಿಡುವಾಗ ತಗ್ಗಿನಲ್ಲಿ ಇನ್ನೂ ನೀರು ನಿಂತಿರುತ್ತದೆ. ರೈತ ಎತ್ತರವನ್ನು ನೋಡಿ ನೀರು ಬಿಡುತ್ತಾನೆ, ತಗ್ಗು ಎಂದೂ ಆರುವುದೇ ಇಲ್ಲ. ಲೇಸರ್ ಹಲಗೆಯಿಂದ ಒಮ್ಮೆ ಮಟ್ಟ ಮಾಡಿಸಿ. ಏರುಪೇರು 2 ಸೆಂ.ಮೀ. ಒಳಗೆ ಬರುತ್ತದೆ, ಕೆಲವು ವರ್ಷ ಉಳಿಯುತ್ತದೆ. ಎರೆ ಭೂಮಿಯಲ್ಲಿ ಮಟ್ಟ ಬೇಗ ಕೆಡುತ್ತದೆ, ಅದರಲ್ಲೂ ಹಸಿ ನೆಲದಲ್ಲಿ ಕಟಾವು ಯಂತ್ರ ಇಳಿಸಿದರೆ ಚಕ್ರದ ತಗ್ಗುಗಳು ಮುಂದಿನ ಬೆಳೆವರೆಗೂ ಕಾಡುತ್ತವೆ.

ಎರಡನೆಯ ಅಡ್ಡಿ ಇನ್ನೂ ದೊಡ್ಡದು. ನಮ್ಮಲ್ಲಿ ನೀರು ಗದ್ದೆಯಿಂದ ಗದ್ದೆಗೆ ಹರಿಯುತ್ತದೆ. ಮೇಲಿನವನು ತನ್ನ ಗದ್ದೆ ಆರಿಸುತ್ತೇನೆಂದರೆ ಕೆಳಗಿನವನಿಗೆ ನೀರಿಲ್ಲ. ಕೆಳಗಿನವನಿಗೆ ಕೊಡಬೇಕೆಂದರೆ ಮೇಲಿನದು ಆರುವುದಿಲ್ಲ. ಬದುವಿನ ಒಳಗೆ, ಗದ್ದೆಯ ಅಂಚಿಗೆ ಒಂದೂವರೆ ಅಡಿ ಅಗಲ, ಒಂದಡಿ ಆಳದ ಸಣ್ಣ ಕಾಲುವೆ ತೆಗೆದು ಕೆಳಗಿನ ಗದ್ದೆಗೆ ನೇರ ದಾರಿ ಮಾಡಿ. ಒಂದು ತೂಬಿನ ಕೆಳಗಿನ ಎಲ್ಲರೂ ಒಟ್ಟಿಗೆ ಕೂತು, ನೀರು ಬಳಕೆದಾರರ ಸಹಕಾರ ಸಂಘದ ಮೂಲಕ ಮಾತಾಡಿಕೊಂಡು ಮಾಡಿದರೆ ಮಾತ್ರ ಇದು ನಿಲ್ಲುತ್ತದೆ. ಒಬ್ಬನೇ ಮಾಡಿದರೆ ಮುಂದಿನ ಮುಂಗಾರಿಗೆ ಆ ಕಾಲುವೆ ಮುಚ್ಚಿರುತ್ತದೆ.

ಕೊಳವೆ ಇಟ್ಟು ನೀರು ಆರಿಸುವುದು

ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಬಳಕೆಗೆ ತಂದ ಈ ವಿಧಾನದಲ್ಲಿ ಬೇಕಾದ ಸಾಧನ ಒಂದೇ, ಒಂದಡಿ ಪಿವಿಸಿ ಪೈಪು. 4 ಇಂಚು ವ್ಯಾಸದ ಪೈಪನ್ನು 30 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಕೆಳಗಿನ 20 ಸೆಂ.ಮೀ. ಭಾಗಕ್ಕೆ ಸುತ್ತಲೂ 2 ಸೆಂ.ಮೀ.ಗೊಂದರಂತೆ 5 ಮಿ.ಮೀ. ತೂತು ಕೊರೆಯಿರಿ. ಮೇಲಿನ 10 ಸೆಂ.ಮೀ. ಹಾಗೇ ಬಿಡಿ. ಎರೆ ಕೆಸರು ತೂತು ಮುಚ್ಚದಂತೆ ಹೊರಗಡೆ ನೈಲಾನ್ ಪರದೆಯ ಒಂದು ಸುತ್ತು ಕಟ್ಟಿ. ನಾಟಿಯಾದ ವಾರದೊಳಗೆ ತೂತಿನ ಭಾಗ ಪೂರ್ತಿ ಮಣ್ಣಿನೊಳಗೆ ಹೋಗುವಂತೆ ಹೂಳಿ, ಒಳಗಿನ ಮಣ್ಣನ್ನು ಕೈಯಿಂದ ತಳದವರೆಗೆ ತೆಗೆಯಿರಿ. ಬದುವಿಗೆ ಅಂಟಿಸಿ ಇಡಬೇಡಿ, ಬದುವಿನ ಸೋರಿಕೆ ಸುಳ್ಳು ಮಟ್ಟ ತೋರಿಸುತ್ತದೆ. ಒಂದೆರಡು ಮೀಟರ್ ಒಳಗೆ, ಗದ್ದೆಯ ಸರಾಸರಿ ಎತ್ತರದ ಜಾಗದಲ್ಲಿ ಇಡಿ. ಮಟ್ಟವಾಗಿದ್ದರೆ ಎಕರೆಗೆ ಒಂದು ಸಾಕು.

ಸರಿಯಾಗಿ ಕೂತಿದೆಯೇ ಎಂದು ನೋಡುವುದು ಸುಲಭ. ಗದ್ದೆಯಲ್ಲಿ ನೀರಿರುವಾಗ ಪೈಪಿನ ಒಳಗೂ ಹೊರಗೂ ಮಟ್ಟ ಒಂದೇ ಇರಬೇಕು. ಒಳಗೆ ಬೇರೆ ಇದ್ದರೆ ತೂತು ಮುಚ್ಚಿವೆ. ಕಿತ್ತು ತೊಳೆದು ಮತ್ತೆ ಹೂಳಿ.

ನಾಟಿಯಾದ ಮೊದಲ ಎರಡು ವಾರ 2ರಿಂದ 3 ಸೆಂ.ಮೀ. ನೀರು ಇರಲಿ. ಬೇರು ಹಿಡಿಯಬೇಕು, ಕಳೆ ಅಡಗಬೇಕು. ಕಳೆಯ ಕಾಟ ಹೆಚ್ಚಿರುವ ಗದ್ದೆಯಲ್ಲಿ ಇನ್ನೊಂದು ವಾರ ತಡೆಯಿರಿ. ಆಮೇಲೆ 5 ಸೆಂ.ಮೀ. ಹಾಯಿಸಿ ತೂಬು ಕಟ್ಟಿ, ನೀರು ತಾನಾಗಿ ಇಳಿಯಲಿ. ಮಸಾರಿಯಲ್ಲಿ ಪೈಪಿನೊಳಗಿನ ನೀರು ಮಣ್ಣಿನ ಮಟ್ಟಕ್ಕಿಂತ 15 ಸೆಂ.ಮೀ. ಕೆಳಗೆ ಹೋದಾಗ ಮತ್ತೆ 5 ಸೆಂ.ಮೀ. ಹಾಯಿಸಿ. ಈ 15 ಸೆಂ.ಮೀ. ಅಂಕಿಯನ್ನು ಎರೆ ಭೂಮಿಗೆ ಹಾಗೇ ಒಯ್ಯಬೇಡಿ. ಎರೆಯಲ್ಲಿ 8ರಿಂದ 10 ಸೆಂ.ಮೀ. ಇಳಿದಾಗ, ಮೇಲೆ ಕೂದಲೆಳೆಯಂಥ ಬಿರುಕು ಕಂಡ ಕೂಡಲೇ ನೀರು ಕೊಡಿ. ಬೆರಳು ತೂರುವಷ್ಟು ಬಿರುಕು ಬಿಟ್ಟರೆ ಮುಂದಿನ ನೀರು ಬಿರುಕಿನಲ್ಲೇ ಕೆಳಗಿಳಿದು ಯೂರಿಯಾವನ್ನೂ ಒಯ್ಯುತ್ತದೆ, ಬೇರುಗಳೂ ಹರಿಯುತ್ತವೆ. ನೀರು ಉಳಿಸಲು ಹೋಗಿ ಹೆಚ್ಚು ಕಳೆದುಕೊಂಡಂತೆ.

ಹೂ ಬಿಡುವ ಮುಂಚಿನ ಒಂದು ವಾರ, ಹೂ ಬಿಟ್ಟ ನಂತರದ ಒಂದು ವಾರ ಗದ್ದೆ ಆರಿಸಲೇಬಾರದು. 3ರಿಂದ 5 ಸೆಂ.ಮೀ. ನೀರು ನಿಂತಿರಲಿ. ಆ ಹೊತ್ತಿಗೆ ನೀರು ತಪ್ಪಿದರೆ ಕಾಳು ಜೊಳ್ಳಾಗುತ್ತದೆ, ಮೀಥೇನ್ ಉಳಿಸಿದ ಲಾಭವೆಲ್ಲ ಅಲ್ಲಿಗೇ ಮುಗಿಯಿತು. ಆ ಎರಡು ವಾರ ಕಳೆದ ಮೇಲೆ ಮತ್ತೆ ಆರಿಸಬಹುದು. ಕಟಾವಿಗೆ ಮಸಾರಿಯಲ್ಲಿ 10 ದಿನ, ಎರೆಯಲ್ಲಿ 15 ದಿನ ಮೊದಲೇ ನೀರು ಪೂರ್ತಿ ನಿಲ್ಲಿಸಿ.

ಒಂದು ಎಕರೆಗೆ 5 ಸೆಂ.ಮೀ. ಅಂದರೆ 2 ಲಕ್ಷ ಲೀಟರ್ ನೀರು. ಮೇಲ್ಭಾಗದ ಒಬ್ಬ ರೈತ ಬೆಳೆಯುದ್ದಕ್ಕೂ ನಾಲ್ಕು ಸರದಿಯ ನೀರು ಹಾಯಿಸದೆ ಉಳಿಸಿದರೆ ಎಕರೆಗೆ 8 ಲಕ್ಷ ಲೀಟರ್ ಮಾನ್ವಿ, ಸಿರವಾರದ ಕಡೆಯ ಕೊನೆಭಾಗಕ್ಕೆ ಇಳಿಯುವ ಅವಕಾಶವಾಗುತ್ತದೆ. ಪ್ರತಿ ವರ್ಷ ಕೊನೆಭಾಗದವರು ರಸ್ತೆಗಿಳಿದು ಕೇಳುವ ನೀರು ಇದೇ. ಈ ಕ್ರಮವನ್ನು ಮೊದಲು ಹಿಡಿಯಬೇಕಾದವರು ಮೇಲ್ಭಾಗದವರು ಎಂದು ನಾವು ಒತ್ತಿ ಹೇಳುತ್ತೇವೆ. ಕೊನೆಭಾಗದವರಿಗೆ ಮುಂದಿನ ಸರದಿಯ ನೀರು ಬರುವುದೇ ಅನುಮಾನವಿರುವಾಗ, ಅವರು ಗದ್ದೆ ಆರಿಸಲಿ ಎಂದು ಕೇಳುವುದು ನ್ಯಾಯವಲ್ಲ. ಅವರು 5 ಸೆಂ.ಮೀ. ಇಳಿದಾಗಲೇ ಹಾಯಿಸಿಕೊಳ್ಳಲಿ. ಕಾಲುವೆಯಲ್ಲಿ ಸರದಿ ಪದ್ಧತಿ ಜಾರಿಯಲ್ಲಿದ್ದರೆ ನಿಲುಗಡೆಗೆ ಹಿಂದಿನ ದಿನ 5 ಸೆಂ.ಮೀ. ತುಂಬಿಕೊಳ್ಳಿ, ಒಂದು ವಾರದ ನಿಲುಗಡೆಯೇ ನಿಮ್ಮ ಆರುವ ಅವಧಿಯಾಗುತ್ತದೆ.

ತಪ್ಪಾಗುವುದು ಸಾಮಾನ್ಯವಾಗಿ ಇಲ್ಲಿ: ಪಕ್ಕದ ಗದ್ದೆಯ ನೀರು ಏಡಿಯ ತೂತಿನಿಂದ ಒಸರಿ ಬರುತ್ತದೆ, ಗದ್ದೆ ಆರುವುದೇ ಇಲ್ಲ. ವಾರಕ್ಕೊಮ್ಮೆ ಬದು ಸುತ್ತಿ ಕೆಸರು ಮೆತ್ತಬೇಕು. ನೀರಿಲ್ಲದ ದಿನಗಳಲ್ಲಿ ಇಲಿ ಬದುವಿನಿಂದ ಒಳಗೆ ಬರುತ್ತದೆ. ಬದುವನ್ನು ಒಂದೂವರೆ ಅಡಿಗಿಂತ ದಪ್ಪ ಬಿಡದಿದ್ದರೆ ಬಿಲಕ್ಕೆ ಜಾಗ ಕಡಿಮೆ.

ಕೂರಿಗೆ ಭತ್ತ

ಜೂನ್ ಮಳೆಗೆ ಒಣನೆಲದಲ್ಲಿ ಬಿತ್ತಿ, ಜುಲೈನಲ್ಲಿ ಕಾಲುವೆ ನೀರು ಬಂದಾಗ ಹಾಯಿಸಿಕೊಳ್ಳುವ ಕ್ರಮ ಈ ಜಿಲ್ಲೆಗಳಿಗೆ ಹೊಸದಲ್ಲ. ಸಸಿಮಡಿ ಇಲ್ಲ, ಕೆಸರು ಇಲ್ಲ, ಮೊದಲ ತಿಂಗಳು ನಿಂತ ನೀರೇ ಇಲ್ಲ. ಮೀಥೇನ್ ಹುಟ್ಟುವ ದಿನಗಳೇ ಕಡಿಮೆ. ಎಕರೆಗೆ 10ರಿಂದ 12 ಕೆ.ಜಿ. ಬೀಜ, ಸಾಲಿನಿಂದ ಸಾಲಿಗೆ 20ರಿಂದ 22 ಸೆಂ.ಮೀ., ಆಳ 2ರಿಂದ 3 ಸೆಂ.ಮೀ. ಆಳ 5 ಸೆಂ.ಮೀ. ಆದರೆ ಎರೆಯಲ್ಲಿ ಮೊಳಕೆ ಮೇಲೇಳುವುದಿಲ್ಲ.

ಬಿತ್ತಿ ಮೂರು ದಿನದೊಳಗೆ, ಮಣ್ಣಿನಲ್ಲಿ ಹಸಿ ಇರುವಾಗ, ಎಕರೆಗೆ 1.3 ಲೀಟರ್ ಪೆಂಡಿಮೆಥಲಿನ್ 30 ಇಸಿಯನ್ನು 200 ಲೀಟರ್ ನೀರಿಗೆ ಬೆರೆಸಿ ಹಿಂದೆ ಹಿಂದೆ ನಡೆಯುತ್ತ ಸಿಂಪಡಿಸಿ. ಒಣ ಮಣ್ಣಿಗೆ ಹೊಡೆದರೆ ಔಷಧ ವ್ಯರ್ಥ. ಕಳೆ 2ರಿಂದ 4 ಎಲೆ ಬಿಟ್ಟಾಗ, ಅಂದರೆ 20 ದಿನದ ಸುಮಾರಿಗೆ, ಬಿಸ್ಪೈರಿಬ್ಯಾಕ್ ಸೋಡಿಯಂ 10 ಎಸ್‌ಸಿ ಎಕರೆಗೆ 100 ಮಿ.ಲೀ. ಸುಣ್ಣದ ಅಂಶ ಹೆಚ್ಚಿರುವ ಎರೆಯಲ್ಲಿ ಹೊಸ ಎಲೆ ಹಳದಿಯಾಗಿ ಬೆಳ್ಳಗಾದರೆ ಅದು ಕಬ್ಬಿಣದ ಕೊರತೆ, ಯೂರಿಯಾದ ಕೊರತೆಯಲ್ಲ. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಮ್ಲ ಬೆರೆಸಿ ವಾರದ ಅಂತರದಲ್ಲಿ ಎರಡು ಸಲ ಸಿಂಪಡಿಸಿ. ಇದನ್ನು ತಿಳಿಯದೆ ಯೂರಿಯಾ ಎರಚಿದವರು ಬಹಳ.

ಹಿಂದಿನ ವರ್ಷ ಉದುರಿದ ಭತ್ತ ಈ ವರ್ಷ ಬೆರಕೆಯಾಗಿ ಹುಟ್ಟುವುದು ಕೂರಿಗೆಯ ದೊಡ್ಡ ಕಿರಿಕಿರಿ. ಮುಂಗಾರಿನ ಮೊದಲ ಮಳೆಗೆ ಅದು ಮೊಳೆಯಲು ಬಿಟ್ಟು, ಕುಂಟೆ ಹೊಡೆದು, ಆಮೇಲೆ ಬಿತ್ತಿ.

ಹುಲ್ಲು

ಎಕರೆಗೆ 75 ಕೆ.ಜಿ.ಯ 35 ಚೀಲ ಭತ್ತ ಬಂದರೆ ಹುಲ್ಲು ಎರಡೂವರೆ ಟನ್ನಿನ ಸುತ್ತಮುತ್ತ. ಕಟಾವು ಯಂತ್ರ ಅದನ್ನು ಸಾಲಾಗಿ ಬಿಟ್ಟು ಹೋಗುತ್ತದೆ, ಎರಡನೇ ಬೆಳೆಯ ಅವಸರಕ್ಕೆ ಕಡ್ಡಿ ಗೀರುತ್ತೇವೆ. ಸುಟ್ಟಾಗ ಹುಲ್ಲಿನ ಸಾರಜನಕ ಬಹುತೇಕ ಪೂರ್ತಿ ಹೊಗೆಯಾಗುತ್ತದೆ. ಗಾಳಿಗೆ ಹಾರಿದ ಬೂದಿಯೊಂದಿಗೆ ಪೊಟ್ಯಾಷ್ ಕೂಡ ಒಂದಿಷ್ಟು ಹೋಗುತ್ತದೆ. ಹಾಗೆಂದು ಸುಡುವುದನ್ನು ಬಿಟ್ಟು, ಹಸಿ ಹುಲ್ಲನ್ನು ಉತ್ತು ಹದಿನೈದೇ ದಿನಕ್ಕೆ ನಾಟಿ ಮಾಡಿದರೆ ಹವಾಮಾನದ ಲೆಕ್ಕದಲ್ಲಿ ಅದು ಸುಡುವುದಕ್ಕಿಂತಲೂ ಕೆಟ್ಟದ್ದು. ಇದನ್ನು ಬಹಳ ಕಡೆ ಮರೆಯುತ್ತಾರೆ. ಸುಟ್ಟರೆ ಎಕರೆಗೆ 5 ಕೆ.ಜಿ. ಚಿಲ್ಲರೆ ಮೀಥೇನ್, ಹಸಿಯಾಗಿ ಕೆಸರಿಗೆ ಹಾಕಿದರೆ ಹೆಚ್ಚುವರಿ 70 ಕೆ.ಜಿ.ಗೂ ಮೇಲೆ. ಸುಡಬೇಕು ಎಂದಲ್ಲ ಇದರರ್ಥ. ಹೊಗೆ ಊರಿನ ಎದೆಗೂಡಿಗೆ ಹೋಗುತ್ತದೆ, ನೆಲದ ಮೇಲಿನ ಹುಳುಹುಪ್ಪಟೆ ಬೇಯುತ್ತದೆ. ಹುಲ್ಲಿಗೆ ಮೂರು ಒಳ್ಳೆಯ ದಾರಿಗಳಿವೆ, ನಮ್ಮ ಆದ್ಯತೆ ಈ ಕ್ರಮದಲ್ಲಿ.

ಮೊದಲನೆಯದು ಮೇವು. ಅಚ್ಚುಕಟ್ಟಿನಲ್ಲಿ ಹುಲ್ಲಿಗೆ ಬೆಂಕಿ ಬೀಳುವಾಗ ಎರಡು ತಾಸಿನ ದಾರಿಯ ಯಲಬುರ್ಗಾ, ಕುಷ್ಟಗಿ, ಲಿಂಗಸುಗೂರಿನ ಒಣ ಹಳ್ಳಿಗಳಲ್ಲಿ ದನಕ್ಕೆ ಬೇಸಿಗೆ ಮೇವಿಲ್ಲ. ಯಂತ್ರದವನಿಗೆ ಮೊದಲೇ ಹೇಳಿ ಬುಡಕ್ಕೆ ಹತ್ತಿರ ಕೊಯ್ಸಿ, ಹುಲ್ಲು ಎರಡು ಮೂರು ದಿನ ಒಣಗಲಿ, ಬೇಲರ್‌ನಿಂದ ಉಂಡೆ ಕಟ್ಟಿಸಿ. ಇಬ್ಬನಿ ಇರುವಾಗ ಕಟ್ಟಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಪುಷ್ಟಿ ಹೆಚ್ಚಿಸಲು 100 ಕೆ.ಜಿ. ಒಣಹುಲ್ಲಿಗೆ 4 ಕೆ.ಜಿ. ಯೂರಿಯಾವನ್ನು 50 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ ತುಳಿದು, ಪ್ಲಾಸ್ಟಿಕ್ ಹಾಳೆಯಿಂದ ಗಾಳಿಯಾಡದಂತೆ 21 ದಿನ ಮುಚ್ಚಿ. ತಿನ್ನಿಸುವ ಮುನ್ನ ಒಂದು ತಾಸು ಹರಡಿ, ಮೂಗಿಗೆ ಕುಟುಕುವ ವಾಸನೆ ಹೋಗಲಿ. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಹಾಕಬಾರದು. ಯೂರಿಯಾ ನೀರು ದನ ಕುಡಿಯುವ ಜಾಗದಲ್ಲಿ ಇಡಲೇಬಾರದು, ಜೀವಕ್ಕೆ ಅಪಾಯ.

ಹುಲ್ಲು ಮಾರುವಾಗ ಇನ್ನೊಂದು ನೆನಪಿರಲಿ. ಟನ್ ಹುಲ್ಲಿನಲ್ಲಿ 12ರಿಂದ 17 ಕೆ.ಜಿ. ಪೊಟ್ಯಾಸಿಯಂ ಇರುತ್ತದೆ. ಎರಡೂವರೆ ಟನ್ ಹೊರಗೆ ಹೋದರೆ ಒಂದು ಚೀಲಕ್ಕೂ ಹೆಚ್ಚು ಪೊಟ್ಯಾಷ್ ಗೊಬ್ಬರ ಗದ್ದೆ ಬಿಟ್ಟಂತೆ. ಎರೆಯಲ್ಲಿ ದಾಸ್ತಾನು ಇದೆ, ಮಸಾರಿಯಲ್ಲಿ ಕೊರತೆ ಬೇಗ ಕಾಣುತ್ತದೆ. ಬೆಲೆ ಹೇಳುವಾಗ ಅದನ್ನೂ ಸೇರಿಸಿ.

ಎರಡನೆಯದು ಗುಂಡಿಯ ಗೊಬ್ಬರ. ಒಂದು ಟನ್ ಹುಲ್ಲಿಗೆ 10 ಕೆ.ಜಿ. ಯೂರಿಯಾ, 150ರಿಂದ 200 ಕೆ.ಜಿ. ಸಗಣಿಯ ಬಗ್ಗಡ. ಅರ್ಧ ಅಡಿ ಪದರಕ್ಕೊಮ್ಮೆ ಬಗ್ಗಡ ಚೆಲ್ಲಿ. ಹಿಂಡಿದರೆ ಒಂದೆರಡು ಹನಿ ಬೀಳುವಷ್ಟೇ ತೇವ ಇರಲಿ. ತಿಂಗಳಿಗೊಮ್ಮೆ ಮಗುಚಿ. ಮಗುಚದೆ, ನೀರು ನಿಲ್ಲುವ ಗುಂಡಿಯಲ್ಲಿ ಬಿಟ್ಟರೆ ಅಲ್ಲೂ ಮೀಥೇನೇ ಹುಟ್ಟುತ್ತದೆ. ಮಾಗಿದ ಗೊಬ್ಬರ ಗದ್ದೆಯಲ್ಲಿ ಮಾಡುವ ಮೀಥೇನ್ ಅಷ್ಟೇ ತೂಕದ ಹಸಿ ಹುಲ್ಲಿನದಕ್ಕಿಂತ ಬಹಳ ಕಡಿಮೆ.

ಮೂರನೆಯದು, ಗದ್ದೆಗೇ ಉಳುವುದು. ಕಟಾವಾದ ವಾರದೊಳಗೆ, ನೆಲದಲ್ಲಿ ಹಸಿ ಇರುವಾಗಲೇ ಉತ್ತು, ನೀರು ನಿಲ್ಲಿಸುವ ಮೊದಲು ಕನಿಷ್ಠ 30 ದಿನ, ಸಾಧ್ಯವಾದರೆ ಇನ್ನೂ ಹೆಚ್ಚು, ಗಾಳಿಯಲ್ಲಿ ಕೊಳೆಯಲು ಬಿಡಿ. ಈ ಅಂತರವೊಂದೇ ಎಕರೆಯ ಹೊರೆಯನ್ನು 3.2 ಟನ್ನಿನಿಂದ 1.65ಕ್ಕೆ ಇಳಿಸುತ್ತದೆ, ಜೊತೆಗೆ ನೀರೂ ಆರಿಸಿದರೆ 0.9ಕ್ಕೆ. ಒಣಗಿ ಗಟ್ಟಿಯಾದ ನೆಲದಲ್ಲಿ ಉತ್ತರೆ ಹುಲ್ಲು ಹಾಗೇ ಬಿದ್ದಿರುತ್ತದೆ, 30 ದಿನ ಬಿಟ್ಟೂ ಪ್ರಯೋಜನವಿಲ್ಲ.

ಯೂರಿಯಾ

ಕಾಲುವೆ ಪ್ರದೇಶದ ನಾಟಿ ಭತ್ತಕ್ಕೆ ಶಿಫಾರಸು ಹೆಕ್ಟೇರಿಗೆ 150:75:75 ಸಾರಜನಕ, ರಂಜಕ, ಪೊಟ್ಯಾಷ್. ಎಕರೆಗೆ 60:30:30. ಚೀಲದಲ್ಲಿ ಹೇಳಿದರೆ 65 ಕೆ.ಜಿ. ಡಿಎಪಿ, 50 ಕೆ.ಜಿ. ಪೊಟ್ಯಾಷ್, ಮತ್ತು 45 ಕೆ.ಜಿ. ಚೀಲದ ಯೂರಿಯಾ ಎರಡೂಕಾಲು ಚೀಲ. ಇದರ ಒಂದೂವರೆ, ಎರಡು ಪಟ್ಟು ಎರಚುವುದು ಇಲ್ಲಿ ಅಪರೂಪವಲ್ಲ.

ನೀರು ಆರಿಸಿದರೆ ನೈಟ್ರಸ್ ಆಕ್ಸೈಡ್ ಹೆಚ್ಚುತ್ತದೆ, ಅದು ನಿಜ. ಆದರೆ ಎಷ್ಟು? 60 ಕೆ.ಜಿ. ಸಾರಜನಕದಲ್ಲಿ, ಐಪಿಸಿಸಿ ಗುಣಕದ ಪ್ರಕಾರ, ಸದಾ ನೀರಿದ್ದಾಗ 77 ಕೆ.ಜಿ. ಇಂಗಾಲದ ಡೈಆಕ್ಸೈಡ್ ಸಮಾನ, ಆರಿಸಿದಾಗ 129. ಹೆಚ್ಚಿದ್ದು ಸುಮಾರು 50 ಕೆ.ಜಿ., ಮೀಥೇನ್‌ನಲ್ಲಿ ಉಳಿದದ್ದು 500 ಕೆ.ಜಿ. ಸಾರಜನಕವನ್ನು 100 ಕೆ.ಜಿ.ಗೆ ಏರಿಸಿದರೆ ಮಾತ್ರ ಆ ಲಾಭದಲ್ಲಿ ಒಂದು ತುಂಡು ಕಳೆದುಹೋಗುತ್ತದೆ.

ಎಲೆ ಬಣ್ಣದ ಪಟ್ಟಿಯನ್ನು (ಹಸಿರಿನ ಒಂದೊಂದು ಛಾಯೆಗೂ ಅಂಕಿ ಕೊಟ್ಟ ಪಟ್ಟಿ) ನಂಬಿ, ಪಕ್ಕದ ಗದ್ದೆಯ ಹಸಿರನ್ನಲ್ಲ. ನಾಟಿಯಾದ 15 ದಿನದಿಂದ ಹೂ ಕಾಣುವವರೆಗೆ ವಾರಕ್ಕೊಮ್ಮೆ, ಬೆಳಿಗ್ಗೆ 8ರಿಂದ 10 ಗಂಟೆಯೊಳಗೆ, ನಿಮ್ಮ ಮೈ ನೆರಳಿನಲ್ಲಿ, ಪೂರ್ತಿ ಬಿಚ್ಚಿದ ಮೇಲಿನ ಎಲೆಯ ನಡುಭಾಗವನ್ನು ಪಟ್ಟಿಗೆ ಹೋಲಿಸಿ. ಹತ್ತು ಬುಡಗಳಲ್ಲಿ ಆರು ಅಥವಾ ಹೆಚ್ಚು 4ಕ್ಕಿಂತ ತಿಳಿಯಾಗಿದ್ದರೆ (ಕೂರಿಗೆ ಭತ್ತಕ್ಕೆ 3) ಎಕರೆಗೆ ಅರ್ಧ ಚೀಲ ಯೂರಿಯಾ. ಇಲ್ಲದಿದ್ದರೆ ಆ ವಾರ ಏನೂ ಬೇಡ. ಹಾಕುವ ಹೊತ್ತೂ ಮುಖ್ಯ: ಮೇಲೆ ನೀರಿಲ್ಲದೆ ಮಣ್ಣು ಹಸಿಯಾಗಿರುವಾಗ ಎರಚಿ, ಅದೇ ದಿನ ಅಥವಾ ಮರುದಿನ ನೀರು ಹಾಯಿಸಿ; ನೀರು ಯೂರಿಯಾವನ್ನು ಬೇರಿಗೆ ಇಳಿಸುತ್ತದೆ. ನಿಂತ ನೀರಿಗೆ ಬಿಸಿಲಿನಲ್ಲಿ ಎರಚಿದರೆ ಅಮೋನಿಯಾ ಆಗಿ ಹಾರುತ್ತದೆ. ಎರಚಿ ಗದ್ದೆ ಒಣಗಲು ಬಿಟ್ಟರೆ ನೈಟ್ರಸ್ ಆಕ್ಸೈಡ್ ಆಗುತ್ತದೆ.

ಜಿಗಿಹುಳು, ಜೇಡ, ನೀರುನಾಯಿ

ಕಂದು ಜಿಗಿಹುಳು ಈ ಸೀಮೆಗೆ ಬರುವುದಕ್ಕೂ ಯೂರಿಯಾ ಚೀಲಕ್ಕೂ ನೇರ ನಂಟಿದೆ. ಹೆಚ್ಚು ಸಾರಜನಕದ ಮೆತ್ತನೆ ಕಾಂಡ, ದಟ್ಟ ನಾಟಿ, ಸದಾ ನಿಂತ ನೀರು ಅದಕ್ಕೆ ಹೇಳಿ ಮಾಡಿಸಿದ ಮನೆ. ನಾಟಿಯ ಮೊದಲ ತಿಂಗಳಲ್ಲಿ ಎಲೆ ಸುರುಳಿ ಹುಳುವಿಗೆ ಹೆದರಿ ಸೈಪರ್‌ಮೆಥ್ರಿನ್‌ನಂಥ ಪೈರೆಥ್ರಾಯ್ಡ್ ಹೊಡೆದರೆ ಮೊದಲು ಸಾಯುವುದು ಜೇಡ ಮತ್ತು ಜಿಗಿಹುಳುವಿನ ಮೊಟ್ಟೆ ಹೀರುವ ಮಿರಿಡ್ ತಿಗಣೆ. ಆಮೇಲೆ ಜಿಗಿಹುಳು ತಡೆಯಿಲ್ಲದೆ ಏಳುತ್ತದೆ. ಎಳೆಯ ಭತ್ತ ಒಂದಿಷ್ಟು ಎಲೆ ಕಳೆದುಕೊಂಡರೂ ಹೊಸ ಹಿಳ್ಳು ಬಿಟ್ಟು ತುಂಬಿಕೊಳ್ಳುತ್ತದೆ; ಆ ತಿಂಗಳು ಕೈ ಕಟ್ಟಿಕೊಳ್ಳಿ. ನಾಟಿಯಲ್ಲೇ 2ರಿಂದ 3 ಮೀಟರಿಗೊಮ್ಮೆ ಒಂದಡಿ ಓಣಿ ಬಿಡಿಸಿ. ಬುಡ ಬಡಿದು ನೋಡಿದಾಗ ಹತ್ತಕ್ಕಿಂತ ಹೆಚ್ಚು ಹುಳು ಕಂಡರೆ ಮೊದಲು ಮೂರು ನಾಲ್ಕು ದಿನ ನೀರು ಬಸಿಯಿರಿ. ಔಷಧ ಅದಕ್ಕೂ ಬಗ್ಗದಿದ್ದಾಗ.

ಬಸಿದ ನೀರು ಕೊನೆಗೆ ಹೋಗುವುದು ಹಳ್ಳಕ್ಕೆ, ಹಳ್ಳದಿಂದ ನದಿಗೆ. ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ 34 ಕಿ.ಮೀ. ಹರಿವನ್ನು 2015ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಘೋಷಿಸಲಾಗಿದೆ. ಔಷಧ ಹೊಡೆದ ವಾರದೊಳಗೆ ಗದ್ದೆ ನೀರನ್ನು ಹೊರಗೆ ಬಿಡಬೇಡಿ, ಡಬ್ಬಿಯನ್ನು ಕಾಲುವೆಯಲ್ಲಿ ತೊಳೆಯಬೇಡಿ. ನೀರುನಾಯಿ ಮೀನು ತಿಂದು ಬದುಕುತ್ತದೆ. ಮೀನಿನ ಮೈಗೆ ಸೇರಿದ ವಿಷ ಅದರ ಮೈಗೂ ಸೇರುತ್ತದೆ, ಆ ಮೀನು ಹಿಡಿದು ತಿನ್ನುವ ನಮ್ಮ ಮೈಗೂ.

ಬದುವಿನ ಮೇಲೆ ಎರಡಡಿಗೊಂದು ತೊಗರಿ, ನಡುವೆ ಎಳ್ಳು ಹಾಕಿ. ಎಳ್ಳಿನ ಹೂವಿಗೆ ಪರತಂತ್ರ ಕಣಜಗಳು ಬರುತ್ತವೆ, ಅವು ಗದ್ದೆಯ ಹುಳುಗಳ ಮೊಟ್ಟೆಯೊಳಗೆ ತಮ್ಮ ಮೊಟ್ಟೆಯಿಟ್ಟು ಅವನ್ನು ಕೊಲ್ಲುತ್ತವೆ. ಬದುವಿಗೆ ಕಳೆನಾಶಕ ಹೊಡೆದರೆ ಇದೆಲ್ಲ ಇಲ್ಲ.

ಮರ ನೆಟ್ಟರೆ ಲೆಕ್ಕ ಸರಿಹೋಗುತ್ತದೆಯೇ?

ಪೂರ್ತಿ ಸರಿಹೋಗುವುದಿಲ್ಲ. ಒಂದು ಕೆ.ಜಿ. ಒಣ ಕಟ್ಟಿಗೆ ಹಿಡಿದಿಡುವುದು ಸುಮಾರು 1.7 ಕೆ.ಜಿ. ಇಂಗಾಲದ ಡೈಆಕ್ಸೈಡ್. ಎಲ್ಲ ಕ್ರಮ ಪಾಲಿಸಿದ ಮೇಲೂ ಒಂದು ಭತ್ತದ ಬೆಳೆಗೆ ಎಕರೆಗೆ 0.8 ಟನ್ ಹೊರೆ ಉಳಿಯುತ್ತದೆ: ಮೀಥೇನ್ 0.6, ನೈಟ್ರಸ್ ಆಕ್ಸೈಡ್ 0.13, ಯೂರಿಯಾ ಕರಗಿದಾಗ ಹೊರಡುವ ಇಂಗಾಲ 0.08. ಎಕರೆಯ ಅಂಚಿಗೆ 20 ಮರ ಇದ್ದು, ಒಂದೊಂದೂ ವರ್ಷಕ್ಕೆ 10 ಕೆ.ಜಿ. ಒಣತೂಕ ಬೆಳೆದರೆ 0.34 ಟನ್ ಹಿಡಿಯುತ್ತವೆ. ಅರ್ಧ ಟನ್ನಿನಷ್ಟು ಉಳಿದೇ ಉಳಿಯುತ್ತದೆ. ಆದ್ದರಿಂದ ಭತ್ತದ ಗದ್ದೆಯೊಂದಕ್ಕೆ ‘ಇಂಗಾಲ ತಟಸ್ಥ’ ಎಂದು ಫಲಕ ಹಾಕುವವರನ್ನು ಲೆಕ್ಕ ಕೇಳಿ. ಸೊನ್ನೆಯ ಹತ್ತಿರ ಹೋಗುವುದು ಒಣಬೇಸಾಯ, ಮರ, ದನ ಎಲ್ಲ ಸೇರಿದ ಇಡೀ ಹಿಡುವಳಿಯ ಲೆಕ್ಕದಲ್ಲಿ.

ಹೊಲಗಾಲುವೆ ಮತ್ತು ಬಂಡಿದಾರಿಯ ಗುಂಟ 5 ಮೀಟರಿಗೊಂದು ಹೊಂಗೆ, ಬೇವು, ಕರಿಜಾಲಿ ನೆಡಿ. ನಡುವೆ ಗ್ಲಿರಿಸಿಡಿಯಾ ಕಡ್ಡಿ. ನಾಟಿಗೆ ಮುಂಚೆ ಕೊಂಬೆ ಸವರಿದರೆ ನೆರಳಿನ ತಕರಾರು ಇರದು. ಜವಳು ಜಾಗದಲ್ಲಿ ಈ ಬೇರುಗಳು ಅಂತರ್ಜಲದ ಮಟ್ಟ ಇಳಿಸಲೂ ನೆರವಾಗುತ್ತವೆ. ಬಳ್ಳಾರಿ ಜಾಲಿಯನ್ನು ಮಾತ್ರ ಬೆಳೆಸಬೇಡಿ. ಒಮ್ಮೆ ಹಬ್ಬಿದರೆ ಬಸಿಗಾಲುವೆಯನ್ನೂ ಗೋಮಾಳವನ್ನೂ ಮುಚ್ಚುತ್ತದೆ.

ಇನ್ನೊಂದು ಮಾತು. ಸಿರುಗುಪ್ಪದ ಎರೆ ಬಯಲು ಎರ್ಲಡ್ಡು ಹಕ್ಕಿ (ಗ್ರೇಟ್ ಇಂಡಿಯನ್ ಬಸ್ಟರ್ಡ್) ರಾಜ್ಯದಲ್ಲಿ ಉಳಿದಿರುವ ಬೆರಳೆಣಿಕೆಯ ಜಾಗಗಳಲ್ಲಿ ಒಂದು. ಜೋಳ, ಕಡಲೆ ಬೆಳೆಯುವ ಅಂಥ ಬಯಲಿಗೆ ಮೋಟಾರು ಹಚ್ಚಿ ಭತ್ತ ಹಾಕುವುದಾಗಲಿ, ಹಸಿರು ಹೆಚ್ಚಿಸುತ್ತೇವೆಂದು ದಟ್ಟವಾಗಿ ಗಿಡ ನೆಡುವುದಾಗಲಿ ಬೇಡ. ಆ ಹಕ್ಕಿಗೆ ಬೇಕಾದದ್ದು ಬಯಲೇ.

ಎರಡನೇ ಬೆಳೆ

ತುಂಗಭದ್ರಾ ಜಲಾಶಯ ಕಟ್ಟಿದಾಗ 133 ಟಿಎಂಸಿ ಹಿಡಿಯುತ್ತಿತ್ತು, ಹೂಳಿನಿಂದ ಈಗ 105.788. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದ ಮೇಲೆ ಬೇಸಿಗೆ ನೀರಿನ ಭರವಸೆ ಎಷ್ಟು ತೆಳುವೆಂಬುದು ಎಲ್ಲರಿಗೂ ಗೊತ್ತಾಗಿದೆ. ಎರಡನೇ ಭತ್ತ ಬಿಡುವುದೇ ಈ ಮಾರ್ಗದರ್ಶಿಯ ಅತಿ ದೊಡ್ಡ ಉಳಿತಾಯ, ಒಂದು ಪೂರ್ತಿ ಬೆಳೆಯ ಮೀಥೇನ್. ಜೊತೆಗೆ ನವೆಂಬರಿನಿಂದ ಜುಲೈವರೆಗೆ 180 ದಿನಕ್ಕೂ ಹೆಚ್ಚು ಗದ್ದೆಗೆ ನೀರು ನಿಲ್ಲದಿದ್ದರೆ ಮುಂದಿನ ಮುಂಗಾರಿನ ಭತ್ತದ ಮೀಥೇನ್ ಕೂಡ ಶೇ 11ರಷ್ಟು ತಗ್ಗುತ್ತದೆ.

ಇದಕ್ಕೆ ಹೊಂದುವ ಸರಣಿ ಹೀಗೆ. 150 ದಿನದ ಬಿಪಿಟಿ 5204 ಬದಲು 125 ದಿನದ ಆರ್‌ಎನ್‌ಆರ್ 15048 ತಳಿಯನ್ನು ಜೂನ್ ಕೊನೆಗೆ ಕೂರಿಗೆಯಿಂದ ಬಿತ್ತಿದರೆ ನವೆಂಬರ್ ಮೊದಲ ವಾರಕ್ಕೆ ಗದ್ದೆ ಖಾಲಿ. ಎರೆಯಲ್ಲಿ ಉಳಿದ ಹಸಿಗೆ ಕಡಲೆ: ಜೆಜಿ-11, ಎಕರೆಗೆ 25 ಕೆ.ಜಿ., ರೈಜೋಬಿಯಂ ಲೇಪಿಸಿ, 30 ಸೆಂ.ಮೀ. ಸಾಲಿಗೆ. ಉಳದೆ ಕೂಳೆಯ ನಡುವೆ ಬಿತ್ತಿದರೆ ಹಸಿ ಉಳಿಯುತ್ತದೆ. ನವೆಂಬರ್ ದಾಟಿದರೆ ಕಾಳು ತುಂಬುವ ಹೊತ್ತಿಗೆ ಬಿಸಿಲು ಬಡಿಯುತ್ತದೆ, ಆಗ ಕಡಲೆ ಬಿಟ್ಟು, ಜನವರಿ ಕೊನೆಯಲ್ಲಿ ಒಂದೆರಡು ತೆಳು ನೀರು ಸಿಗುವ ಮಸಾರಿಗೆ ಎಳ್ಳು ಅಥವಾ ಹೆಸರು ಯೋಚಿಸಿ. ಸೋನಾಮಸೂರಿಗೆ ಕೂತ ಮಿಲ್ಲುಗಳಿರುವ ಊರಿನಲ್ಲಿ ಕಡಲೆಗೆ ಖರೀದಿ ಕೇಂದ್ರ ಎಲ್ಲಿ, ಯಾವಾಗ ತೆರೆಯುತ್ತದೆ ಎಂಬುದನ್ನು ಬಿತ್ತುವ ಮೊದಲೇ ಕೇಳಿಕೊಳ್ಳಿ.

ಬರೆದಿಡುವುದು

ನೋಟ್‌ಬುಕ್ಕಿನಲ್ಲಿ ಗದ್ದೆಗೊಂದು ಪುಟ. ನಾಟಿಯ ದಿನ, ಪೈಪಿನೊಳಗಿನ ಮಟ್ಟ ವಾರಕ್ಕೆರಡು ಸಲ, ನೀರು ಹಾಯಿಸಿದ ದಿನ, ಯೂರಿಯಾ ಎಷ್ಟು, ಹುಲ್ಲು ಎಲ್ಲಿಗೆ ಹೋಯಿತು, ಉತ್ತ ದಿನ, ಇಳುವರಿ. ಪೈಪಿನ ಫೋಟೊ ದಿನಾಂಕ ಸಮೇತ ಇರಲಿ. ಪಕ್ಕದಲ್ಲೇ ಎಂದಿನಂತೆ ನೀರು ನಿಲ್ಲಿಸಿದ ಒಂದು ಮಡಿ ಇಟ್ಟುಕೊಂಡರೆ ಇಳುವರಿ ಹೋಲಿಸಲು ಬರುತ್ತದೆ.

ಇಂಗಾಲದ ಹಣ ಕೊಡಿಸುತ್ತೇವೆ ಎಂದು ಊರಿಗೆ ಬರುವವರು ಕೇಳುವುದೂ ಈ ದಾಖಲೆಗಳನ್ನೇ. ವೆರ್ರಾ ಎಂಬ ಅಂತಾರಾಷ್ಟ್ರೀಯ ನೋಂದಣಿ ಸಂಸ್ಥೆ ಭತ್ತದ ಮೀಥೇನ್ ಯೋಜನೆಗಳಿಗೆ ಬಳಕೆಯಲ್ಲಿದ್ದ ಹಳೆಯ ಲೆಕ್ಕದ ವಿಧಾನವನ್ನು 2023ರಲ್ಲಿ ನಿಲ್ಲಿಸಿತು. ಆದ್ದರಿಂದ ಸಹಿ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳಿ: ಎಷ್ಟು ವರ್ಷದ ಕರಾರು, ಎಕರೆಗೆ ಕೈಗೆ ಬರುವ ಹಣ ಎಷ್ಟು ಮತ್ತು ಯಾವಾಗ, ಕಾಲುವೆ ನೀರೇ ಬಾರದ ವರ್ಷ ಏನು, ನಡುವೆ ಬಿಟ್ಟರೆ ದಂಡವಿದೆಯೇ. ಉತ್ತರಗಳು ಕನ್ನಡದಲ್ಲಿ, ಕಾಗದದ ಮೇಲೆ ಬರಲಿ. ಅದರ ಒಂದು ಪ್ರತಿ ಆ ನೋಟ್‌ಬುಕ್ಕಿನಲ್ಲೇ ಇರಲಿ.